ಹಚ್ಚೆಯ ಚೇಳು, ಬೆಳಕಿನ ಪೆಟ್ಟಿಗೆ

ನನ್ನ ಮೊಮ್ಮಗಳು ಸೂಜಿ ಚುಚ್ಚದೆ ಕೈಯೊಳಗಿನ ನರ ತೋರಿಸುವ ಪೆಟ್ಟಿಗೆ ಮಾಡಿದ್ದಾಳೆ. ಗುಬ್ಬಿಯಲ್ಲಿ ಈ ಮಾತನ್ನು ನಾನು ಯಾರಿಗೆ ಹೇಳಿಲ್ಲ ಅಂತ ಕೇಳಬೇಕು. ಸಂತೆಯಲ್ಲಿ ಸೊಪ್ಪಿನವಳಿಗೆ ಹೇಳಿದ್ದೇನೆ, ಮಂಡಿಯಲ್ಲಿ ತಕ್ಕಡಿ ಹಿಡಿದವನಿಗೆ ಹೇಳಿದ್ದೇನೆ, ತುಮಕೂರಿನ ಬಸ್ಸಿನಲ್ಲಿ ಪಕ್ಕಕ್ಕೆ ಕೂತ ಹೆಂಗಸಿಗೆ ಹೇಳುತ್ತಾ ಹೇಳುತ್ತಾ ಆಕೆ ಇಳಿಯಬೇಕಾದ ಸ್ಟಾಪನ್ನೇ ದಾಟಿಸಿಬಿಟ್ಟಿದ್ದೇನೆ. ಹೇಳುವಾಗ ಎದೆಯಲ್ಲಿ ಹಾಲು ಉಕ್ಕಿದ ಹಾಗಾಗುತ್ತದೆ. ಈಗ ಬರೆಯುವಾಗಲೂ ಹಾಗೇ ಆಗುತ್ತಿದೆ. ಆದರೆ ಒಂದು ಸಂಗತಿಯನ್ನು ಮಾತ್ರ ಎಲ್ಲರಿಗೂ ಹೇಳುವಾಗ ನುಂಗಿಕೊಂಡು ಬಂದಿದ್ದೇನೆ. ಆ ಪೆಟ್ಟಿಗೆಯ ದೆಸೆಯಿಂದ ಕುಣಿಗಲ್ಲಿನ ನನ್ನ ಬೀಗಿತ್ತಿಯ ಮೇಲೆ ನಾನು ಪಟ್ಟ ಹೊಟ್ಟೆಕಿಚ್ಚಿನ ಸಂಗತಿ ಅದು.

ಬೀಗಿತ್ತಿ ಅಂದರೆ ನನ್ನ ಸೊಸೆಯನ್ನು ಹೆತ್ತವರು. ಅದೇ ಮೊಮ್ಮಗಳಿಗೆ ಇನ್ನೊಬ್ಬ ಅಜ್ಜಿ. ಆಸ್ಪತ್ರೆಯಲ್ಲಿ ನರ್ಸ್ ಕೆಲಸದಲ್ಲಿದ್ದವರು. ಇಸ್ತ್ರಿ ಹಾಕಿದ ಕಾಟನ್ ಸೀರೆ, ಗಡಿಯಾರವನ್ನು ಮಣಿಕಟ್ಟಿನ ಒಳಮಗ್ಗುಲಿಗೆ ಕಟ್ಟಿಕೊಳ್ಳುವ ಅಭ್ಯಾಸ, ಬೆಳಗಾದರೆ ಪೇಪರು. ನಾನು ನಾಲ್ಕನೇ ಕ್ಲಾಸಿಗೆ ಸ್ಲೇಟು ಕೆಳಗಿಟ್ಟವಳು. ಮದುವೆ ಮಾತುಕತೆಗೆ ಬಂದ ದಿನವೇ ಅವರ ಕೈಗಳನ್ನು ನೋಡಿದ್ದೆ. ಸಿಪ್ಪೆ ಹೆರೆದ ಸೌತೆಕಾಯಿಯ ಹಾಗೆ ನುಣ್ಣಗೆ, ಬೆಳ್ಳಗೆ. ಒಂದು ಚುಕ್ಕಿ ಹಚ್ಚೆಯೂ ಇಲ್ಲ. ನನ್ನ ಕೈಗಳಲ್ಲೋ, ಮೊಣಕೈಯಿಂದ ಮಣಿಕಟ್ಟಿನವರೆಗೆ ಜಾಗವೇ ಇಲ್ಲ. ನಾನು ಹತ್ತು ವರ್ಷದವಳಿದ್ದಾಗ ನಮ್ಮವ್ವ ಹಚ್ಚೆ ಹಾಕುವವಳ ಮುಂದೆ ಕೂರಿಸಿ, ಬಾಯಿಗೆ ಬೆಲ್ಲದ ಉಂಡೆ ತುರುಕಿ, ಎಡಗೈಗೆ ಚೇಳು, ಬಲಗೈಗೆ ಹೂಬಳ್ಳಿ ಹಾಕಿಸಿದ್ದಳು. ಹಚ್ಚೆಯಿಲ್ಲದ ಬರಿಗೈಯಲ್ಲಿ ಕೊಟ್ಟ ನೀರನ್ನು ಅತ್ತೆಯಾದವಳು ಕುಡಿಯುವುದಿಲ್ಲ ಅನ್ನುವ ಕಾಲ ಅದು. ಚೇಳಿನ ಬಾಲ ಮೊಣಕೈಯ ಕಡೆಗೆ ಸುರುಳಿ ಸುತ್ತಿಕೊಂಡು ಹೋಗಿ, ತುದಿಯಲ್ಲಿ ಐದು ಚುಕ್ಕಿ. ನಮ್ಮ ಬೀದಿಯಲ್ಲಿ ಅಷ್ಟು ಚೆಂದದ ಚೇಳು ಇನ್ಯಾರ ಕೈಯಲ್ಲೂ ಇರಲಿಲ್ಲ. ಹಾಗಿದ್ದೂ ಆವತ್ತು ಬೀಗಿತ್ತಿಗೆ ಕಾಫಿ ಲೋಟ ಕೊಡುವಾಗ ಸೆರಗನ್ನು ಕೈಮೇಲೆ ಎಳೆದುಕೊಂಡೆ. ಯಾಕೆ ಎಳೆದುಕೊಂಡೆನೋ.

ಮೊಮ್ಮಗಳಿಗೆ ಆರೋ ಏಳೋ ವರ್ಷ, ತೊಂಬತ್ತರ ದಶಕದ ನಡುವೆ. ಸೊಸೆಯ ತಮ್ಮನ ಮದುವೆಗೆ ಎಲ್ಲರೂ ಕುಣಿಗಲ್ಲಿಗೆ ಹೋಗಿದ್ದೆವು. ಬಿಸಿಲೋ, ಕಂಡಕಂಡಲ್ಲಿ ಕುಡಿದ ನೀರೋ, ಧಾರೆ ಮುಗಿಯುವ ಹೊತ್ತಿಗೆ ನನಗೆ ವಾಂತಿ ಭೇದಿ ಶುರುವಾಗಿ ಕಣ್ಣು ಕತ್ತಲೆ ಬಂತು. ಹತ್ತಿರದ ಒಂದು ಪುಟ್ಟ ನರ್ಸಿಂಗ್ ಹೋಮಿಗೆ ಹೊತ್ತುಕೊಂಡು ಹೋದರು. ಗ್ಲೂಕೋಸ್ ಹಾಕಬೇಕು, ನರ ಸಿಗುತ್ತಿಲ್ಲ. ಅಲ್ಲಿದ್ದ ಹುಡುಗಿ ಎರಡೂ ಕೈಗೆ ನಾಲ್ಕು ಕಡೆ ಚುಚ್ಚಿದಳು. ಕೈ ಊದಿಕೊಂಡಿತು.

"ಹಚ್ಚೆನೂ ಹಸುರು, ನರನೂ ಹಸುರು. ಯಾವುದು ಯಾವುದು ಅಂತ ನೋಡ್ಲಿ," ಅಂತ ಆ ಹುಡುಗಿ ಅಳುವ ದನಿಯಲ್ಲಿ ಹೇಳಿದ್ದು ಕೇಳಿಸಿತು.

ಅಷ್ಟರಲ್ಲಿ ಬೀಗಿತ್ತಿ ಮದುವೆಯ ರೇಷ್ಮೆ ಸೀರೆಯಲ್ಲೇ ಬಂದರು. ಕೈ ತೊಳೆದುಕೊಂಡು ನನ್ನ ಎಡಗೈ ಹಿಡಿದು, ಕಣ್ಣು ಮುಚ್ಚಿ, ಎರಡು ಬೆರಳಲ್ಲಿ ಮೆಲ್ಲಗೆ ತಟ್ಟುತ್ತಾ ಬಂದರು.

"ಕಣ್ಣಲ್ಲಿ ನೋಡಿದ್ರೆ ಸಿಗಲ್ಲ ಕಣಮ್ಮ, ಬೆರಳಲ್ಲಿ ನೋಡ್ಬೇಕು," ಅಂದರು. ಚೇಳಿನ ಮಗ್ಗುಲಲ್ಲೇ ಸೂಜಿ ಇಳಿಸಿದರು. ಒಂದೇ ಸಲ. ನೋವೂ ಆಗಲಿಲ್ಲ.

ಜೀವ ಉಳಿಯಿತು, ಇಲ್ಲ ಅನ್ನುವುದಿಲ್ಲ. ಆದರೆ ನನ್ನ ಸೆರಗು ಹಿಡಿದು ಅಳುತ್ತಾ ನಿಂತಿದ್ದ ಮಗು ಆ ಗಳಿಗೆಯಲ್ಲಿ ಅಳು ನಿಲ್ಲಿಸಿತು. ಅದು ನೋಡಿದ್ದು ನನ್ನನ್ನಲ್ಲ, ಆ ಎರಡು ಬೆರಳನ್ನು. ದೇವರ ಮನೆಯಲ್ಲಿ ಮಂಗಳಾರತಿ ನೋಡುವ ಹಾಗೆ ನೋಡುತ್ತಿತ್ತು. ಗುಬ್ಬಿಗೆ ವಾಪಸ್ಸಾದ ಮೇಲೂ ತಿಂಗಳುಗಟ್ಟಲೆ ಅದೇ ಮಾತು. "ಕುಣಿಗಲ್ ಅಜ್ಜಿ ಕಣ್ಮುಚ್ಕೊಂಡೇ ಹುಡುಕ್ಬುಟ್ರು ಗೊತ್ತಾ? ನಾಲ್ಕು ಸಲ ಆಗ್ದೆ ಇದ್ದದ್ದು ಒಂದೇ ಸಲಕ್ಕೆ." ನಾನು ಮುದ್ದೆ ಕೂಡಿಸುತ್ತಾ, "ಊಂ ಕಣವ್ವ, ಊಂ," ಅನ್ನುತ್ತಿದ್ದೆ. ಮುದ್ದೆಕೋಲು ಪಾತ್ರೆಯ ತಳಕ್ಕೆ ಬೇಕಾದ್ದಕ್ಕಿಂತ ಜೋರಾಗಿಯೇ ತಾಗುತ್ತಿತ್ತು.

ಕುಣಿಗಲ್ಲಿಗೆ ಹೋದರೆ ಅವಳಿಗೆ ಕೆರೆ ಏರಿ ಮೇಲೆ ತಿರುಗಾಟ, ಕುದುರೆ ಸಾಕುವ ಫಾರಮ್ಮಿನ ಬೇಲಿಯಾಚೆ ಮರಿಗಳು. ನನ್ನಲ್ಲಿ ಏನಿತ್ತು? ಕೊಬ್ಬರಿ ಇತ್ತು. ನಮ್ಮ ಮನೆಯ ಅಟ್ಟದ ಮೇಲೆ ತೆಂಗಿನಕಾಯಿಗಳನ್ನು ಸಿಪ್ಪೆಯ ಸಮೇತ ಹತ್ತು ಹನ್ನೊಂದು ತಿಂಗಳು ಬಿಟ್ಟು, ಒಳಗಿನ ನೀರು ತಾನೇ ಇಂಗಿ ಕೊಬ್ಬರಿಯಾಗುವವರೆಗೆ ಕಾಯುತ್ತಿದ್ದೆವು. ಒಡೆದು ನೋಡುವ ಹಾಗಿಲ್ಲ. ಬಲಿಯುವ ಮುಂಚೆ ಒಡೆದರೆ ಹಾಳು. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಬೇಕು. ಗುಳುಗುಳು ಅಂದರೆ ಇನ್ನೂ ನೀರಿದೆ. ಏನೂ ಅನ್ನದಿದ್ದರೆ ನೀರು ಹೋಗಿದೆ, ಕೊಬ್ಬರಿ ಚಿಪ್ಪು ಬಿಟ್ಟಿಲ್ಲ. ಲೊಟಲೊಟ ಅಂದರೆ ಆಯಿತು, ಚಿಪ್ಪು ಬಿಟ್ಟ ಇಡೀ ಕೊಬ್ಬರಿ, ಗಿಟುಕು, ಸಿದ್ಧ. ಈ ಕೆಲಸಕ್ಕೆ ನಮ್ಮ ಬೀದಿಯಲ್ಲಿ ನನ್ನನ್ನೇ ಕರೆಯುತ್ತಿದ್ದರು. ಮೊಮ್ಮಗಳು ನನ್ನ ಎದುರು ಕಾಲು ಚಾಚಿ ಕೂತು, ತನ್ನ ತಲೆಯಷ್ಟೇ ದಪ್ಪದ ಕಾಯನ್ನು ಎರಡು ಕೈಯಲ್ಲೂ ಎತ್ತಿ ಅಲ್ಲಾಡಿಸುವಳು.

"ಇದು ಆಗೈತೆ ಅಜ್ಜಿ."

"ಇನ್ನೊಂದ್ಸಲ ಕೇಳು."

"ಲೊಟಲೊಟ ಅಂತು."

"ಲೊಟ ಅಂದಿದ್ದು ಒಂದೇ ಸಲ. ಒಂದು ಕಡೆ ಇನ್ನೂ ಅಂಟ್ಕೊಂಡೈತೆ. ಆ ಕಡೆಗೆ ಇಡು."

ಏಳನೇ ಕ್ಲಾಸಿಗೆ ಬರುವ ಹೊತ್ತಿಗೆ ಅವಳು ಹತ್ತರಲ್ಲಿ ಒಂಬತ್ತು ಸರಿಯಾಗಿ ಹೇಳುತ್ತಿದ್ದಳು. ಬೀಗಿತ್ತಿ ಬಂದಾಗ ಇದನ್ನು ಬೇಕೆಂದೇ ಅವರ ಮುಂದೆ ಮಾಡಿಸುತ್ತಿದ್ದೆ. ಅವರು ಕಾಯಿ ಅಲ್ಲಾಡಿಸಿ, "ನನಗೇನೂ ಗೊತ್ತಾಗಲ್ಲಪ್ಪ," ಅಂದ ದಿನ ರಾತ್ರಿಯ ಊಟ ನನಗೆ ಬಲು ರುಚಿಯಾಗಿತ್ತು.

ಆಮೇಲೆ ಮಗನಿಗೆ ತುಮಕೂರಿನ ಆಫೀಸಿಗೆ ವರ್ಗವಾಗಿ ಅವರೆಲ್ಲ ಅಲ್ಲಿಗೆ ಹೋದರು. ಅರ್ಧ ಗಂಟೆಯ ದಾರಿ, ವಾರಕ್ಕೊಮ್ಮೆ ಬರುತ್ತಿದ್ದರು. ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಕ್ಕೆ ಮೊಮ್ಮಗಳು ತುಮಕೂರಿನಲ್ಲೇ ಇಂಜಿನಿಯರಿಂಗ್ ಸೇರಿದಳು. ಕೊನೆಯ ವರ್ಷ ಒಂದು ಭಾನುವಾರ ಬಂದು ಅಟ್ಟದ ಏಣಿಯ ಮೇಲೆ ಕೂತುಕೊಂಡು ಹೇಳಿದಳು.

"ಅಜ್ಜಿ, ನಾವು ಮೂರು ಜನ ಸೇರಿ ಒಂದು ಮಿಷನ್ ಮಾಡ್ತಾ ಇದೀವಿ. ನರ ಹುಡುಕೋದು. ಚುಚ್ಚೋಕೆ ಮುಂಚೆನೇ ನರ ಎಲ್ಲೈತೆ, ಎಷ್ಟು ಕೆಳಗೈತೆ ಅಂತ ತೋರ್ಸುತ್ತೆ."

"ಎಕ್ಸರೇನಾ?"

"ಅಲ್ಲ. ನೀನು ಕಾಯಿ ಅಲ್ಲಾಡ್ಸಿ ಕೇಳ್ತೀಯಲ್ಲ, ಹಂಗೆ. ಕೈಯನ್ನ ಅಲ್ಲಾಡ್ಸಲ್ಲ, ಬೆಳಕಲ್ಲಿ ತಟ್ತೀವಿ."

"ಬೆಳಕಲ್ಲಿ ತಟ್ಟಿದ್ರೆ ಸದ್ದು ಬತ್ತದೇನೇ?"

"ಬತ್ತದೆ ಅಜ್ಜಿ. ಕಣ್ಣು ಮಿಟುಕಿಸೋಕಿಂತ ಬೇಗ ಒಂದು ಬೆಳಕು ಬಿಟ್ರೆ, ರಕ್ತ ಅದನ್ನ ಕುಡ್ಕೊಳ್ಳುತ್ತೆ. ಕುಡಿದು ಒಂಚೂರು ಬಿಸಿಯಾಗಿ ಉಬ್ಬುತ್ತೆ. ಉಬ್ಬಿದಾಗ ಸಣ್ಣ ಸದ್ದು. ನಮ್ ಕಿವಿಗೆ ಕೇಳಲ್ಲ. ಬಸುರಿಯರಿಗೆ ಸ್ಕ್ಯಾನ್ ಮಾಡ್ತಾರಲ್ಲ, ಆ ಥರದ ಒಂದು ಗುಂಡಿ ಇಟ್ರೆ ಅದಕ್ಕೆ ಕೇಳುತ್ತೆ. ಸದ್ದು ಎಷ್ಟು ತಡವಾಗಿ ಬತ್ತದೋ ನರ ಅಷ್ಟು ಕೆಳಗೈತೆ ಅಂತ."

ಹೊರದೇಶದ ದೊಡ್ಡ ದೊಡ್ಡ ಲ್ಯಾಬುಗಳಲ್ಲಿ ಇಂಥದ್ದು ಇದೆಯಂತೆ. ಆದರೆ ಬೆಳಕು ಬಿಡುವ ಯಂತ್ರವೇ ಒಂದು ಮಂಚದಷ್ಟು, ಅದರ ಬೆಲೆಗೆ ಒಂದು ಮನೆ ಬರುತ್ತದಂತೆ. ಇದನ್ನು ಮಾಡಿಸುತ್ತಿದ್ದ ಕಾಲೇಜಿನ ಮೇಡಮ್ಮಿಗೂ ಇವಳಿಗೂ ಬೇಕಾಗಿದ್ದು ತಾಲ್ಲೂಕು ಆಸ್ಪತ್ರೆಯ ಮೇಜಿನ ಮೇಲೆ ಕೂರುವಂಥದ್ದು, ಕೆಟ್ಟರೆ ತುಮಕೂರಿನಲ್ಲೇ ರಿಪೇರಿಯಾಗುವಂಥದ್ದು. ದೊಡ್ಡ ಯಂತ್ರದ ಬದಲು ಉಗುರಿನಷ್ಟು ಗಾತ್ರದ ಲೇಸರ್ ಹಾಕುತ್ತಾರೆ. ಅದರ ಬೆಳಕಿಗೆ ಶಕ್ತಿ ಸಾಲದು, ಸದ್ದು ತೀರಾ ಸಣ್ಣದು. ಅದಕ್ಕೇ ಒಂದೇ ಜಾಗಕ್ಕೆ ಸಾವಿರ ಸಲ ಬೆಳಕು ತಟ್ಟಿ, ಸಾವಿರ ಸದ್ದನ್ನೂ ಕೂಡಿಸುತ್ತಾರೆ.

ನನಗೆ ಎಷ್ಟು ಖುಷಿಯಾಯಿತು ಅಂದರೆ ಕೈಯಲ್ಲಿದ್ದ ಕಾಯನ್ನು ಅಲ್ಲಾಡಿಸುವುದನ್ನೇ ಮರೆತೆ. ನನ್ನ ಕೊಬ್ಬರಿ ಕೆಲಸ ಇಂಜಿನಿಯರಿಂಗ್ ಕಾಲೇಜಿಗೆ ಹೋಗಿದೆ. ಅಷ್ಟು ಹೊತ್ತಿಗೆ ಅವಳು, "ಇದು ಹೆಂಗೆ ಹೊಳೀತು ಅಂತ ಮೇಡಮ್ ಕೇಳಿದ್ರು. ಕುಣಿಗಲ್ ಅಜ್ಜಿ ಬೆರಳನ್ನ ಒಂದು ಡಬ್ಬಿಯೊಳಗೆ ಹಾಕ್ಬೇಕು ಅಂತಿದೀನಿ ಅಂದೆ," ಅಂದಳು.

"ಹಂಗಂದ್ಯಾ," ಅಂದೆ.

"ಊಂ. ಮೇಡಮ್ ನಕ್ಕರು."

ನಾನೂ ನಕ್ಕೆ. ಕಾಯನ್ನು ಕಿವಿಗಿಟ್ಟು ಅಲ್ಲಾಡಿಸಿದೆ. ಏನೂ ಕೇಳಿಸಲಿಲ್ಲ.

ಕೆಲವು ವಾರಗಳಾದ ಮೇಲೆ ಮಗನೇ ಬಂದು ಕರೆದ. "ಅವ್ವ, ಅವಳಿಗೆ ವಯಸ್ಸಾದವರ ಕೈ ಬೇಕಂತೆ. ಹುಡುಗರ ಕೈ ಇಟ್ರೆ ಮಿಷನ್ನಲ್ಲಿ ನರ ಬಂದೈತಂತೆ. ಮುದುಕರದ್ದು ಬಂದ್ರೆ ತಾನೆ ಕೆಲಸ ಆಯ್ತು ಅನ್ನೋದು. ನಿನ್ನ ಕರ್ಕೊಂಡು ಬಾ ಅಂದ್ಲು." ನನ್ನನ್ನು. ಮೊದಲು ನನ್ನನ್ನು. ಹೊಸ ಇಳಕಲ್ ಸೀರೆ ಉಟ್ಟುಕೊಂಡೆ. ಎರಡೂ ಕೈಗೆ ಕೊಬ್ಬರಿ ಎಣ್ಣೆ ತೀಡಿದೆ; ಎಣ್ಣೆ ಕುಡಿದರೆ ಹಚ್ಚೆ ನವಿಲಿನ ಕುತ್ತಿಗೆಯ ಹಾಗೆ ಹೊಳೆಯುತ್ತದೆ.

ಲ್ಯಾಬಿನಲ್ಲಿ ನೋಡಿದರೆ ಪೆಟ್ಟಿಗೆ ನಮ್ಮ ಎಲೆ ಅಡಿಕೆ ಪೆಟ್ಟಿಗೆಯ ಎರಡರಷ್ಟಿತ್ತು. ಅದರ ಕೆಳಗೆ ಮುಂಗೈ ಇಡಲು ಒಂದು ತೊಟ್ಟಿ. ಎಲ್ಲರೂ ಬಣ್ಣದ ಕನ್ನಡಕ ಹಾಕಿಕೊಂಡರು, ನನಗೂ ಹಾಕಿದರು. ಮೊಮ್ಮಗಳು ನನ್ನ ಕೈಯ ಎಣ್ಣೆಯನ್ನೆಲ್ಲ ಹತ್ತಿಯಲ್ಲಿ ಒರೆಸಿ, ತಣ್ಣನೆಯ ಲೋಳೆಯಂಥದ್ದನ್ನು ಬಳಿದಳು. ನಡುವೆ ಗಾಳಿ ಇದ್ದರೆ ಸದ್ದು ಗುಂಡಿಗೆ ತಲುಪುವುದಿಲ್ಲವಂತೆ. ಆಮೇಲೆ ಬೆಳಕು ಕೂದಲೆಳೆಯಷ್ಟು ಪಕ್ಕಕ್ಕೆ ಸರಿಯಲೆಂದು ಒಂದು ತಿರುಪನ್ನು ಒಂದೊಂದೇ ಗೆರೆ ತಿರುಗಿಸುವುದು, ಕಾಯುವುದು, ಮತ್ತೆ ತಿರುಗಿಸುವುದು. ಮುಕ್ಕಾಲು ಗಂಟೆ ನಾನು ಕಲ್ಲಿನ ಹಾಗೆ ಕೂತಿದ್ದೆ.

"ಯಾರೂ ಇಷ್ಟು ಅಲ್ಲಾಡ್ದೆ ಕೂತಿರ್ಲಿಲ್ಲ," ಅಂದರು ಮೇಡಮ್ಮು. ಗುಬ್ಬಿಯವರೆಗೂ ಕೇಳಲಿ ಅನ್ನಿಸಿತು.

ಕಂಪ್ಯೂಟರಿನಲ್ಲಿ ಚಿತ್ರ ಮೂಡಿತು. ಚೇಳು. ನನ್ನ ಚೇಳೇ. ಇಕ್ಕಳ, ಕಾಲು, ಸುರುಳಿ ಬಾಲ, ತುದಿಯಲ್ಲಿ ಐದು ಚುಕ್ಕಿ. ನಾನು ಹಿಗ್ಗಿ ಹೀರೇಕಾಯಾಗಿ ಮೊಮ್ಮಗಳ ಮುಖ ನೋಡಿದೆ. ಅವಳ ಮುಖ ಸಪ್ಪಗಾಗಿತ್ತು.

"ಅಜ್ಜಿ, ಬೆಳಕನ್ನೆಲ್ಲ ಹಚ್ಚೆನೇ ಕುಡ್ಕೊಂಡ್ಬುಡ್ತು. ಕೆಳಗಿರೋ ನರಕ್ಕೆ ಏನೂ ಉಳೀಲಿಲ್ಲ."

"ಬಲಗೈಲಿ ನೋಡು."

"ಅದ್ರಲ್ಲೂ ಬಳ್ಳಿ ಐತಲ್ಲಜ್ಜಿ."

ಮೇಡಮ್ಮು ಮೆಲ್ಲಗೆ, "ಹಚ್ಚೆ ಇಲ್ಲದ ವಯಸ್ಸಾದವರು ಯಾರಾದ್ರೂ ಇದಾರಾ?" ಅಂತ ಕೇಳಿದರು. ನನ್ನ ಮೊಮ್ಮಗಳು ಒಂದು ಉಸಿರನ್ನೂ ತಡೆಯದೆ ಹೇಳಿದಳು: "ನಮ್ ಕುಣಿಗಲ್ ಅಜ್ಜಿ ಇದಾರೆ ಮೇಡಮ್. ಅವರ ಕೈ ಕ್ಲೀನಾಗೈತೆ."

ಕ್ಲೀನಾಗೈತೆ. ಬಸ್ಸಿನಲ್ಲಿ ಗುಬ್ಬಿಗೆ ಬರುವಷ್ಟೂ ಹೊತ್ತು ಆ ಮಾತು ಹಲ್ಲಿನ ಸಂದಿಯ ಅಡಿಕೆ ಚೂರಿನ ಹಾಗೆ ಕೂತಿತ್ತು. ನಾನೇನು ಕೊಳಕು ಕೈಯವಳೇ? ಅವಳನ್ನು ಎತ್ತಿ ಆಡಿಸಿದ್ದು, ಅವಳ ಬಾಯಿ ಒರೆಸಿದ್ದು ಇದೇ ಕೈ.

ಮುಂದಿನ ವಾರ ಬೀಗಿತ್ತಿ ತುಮಕೂರಿಗೆ ಹೋದರು. ಅವರ ಕೈಯಲ್ಲಿ ನರ ಬಂತು. ಮೊಮ್ಮಗಳು ಅದರ ಚಿತ್ರವನ್ನು ಪ್ರಿಂಟ್ ಹಾಕಿಸಿ ಅವರಿಗೊಂದು ಕೊಟ್ಟಳು. ಹಬ್ಬಕ್ಕೆ ಕುಣಿಗಲ್ಲಿಗೆ ಹೋದಾಗ ನೋಡುತ್ತೇನೆ, ಟಿವಿಯ ಮೇಲೆ ಚೌಕಟ್ಟು ಹಾಕಿ ಇಟ್ಟಿದ್ದಾರೆ. ಕಪ್ಪು ಹಿನ್ನೆಲೆಯಲ್ಲಿ ಕವಲೊಡೆದ ಬೆಳ್ಳನೆಯ ಗೆರೆ, ಮಳೆಯಲ್ಲಿ ಗೋಡೆಯ ಮೇಲೆ ಇಳಿದ ನೀರಿನ ಹಾಗೆ. ಬಂದವರಿಗೆಲ್ಲ, "ಇದು ನನ್ನ ಕೈ," ಅನ್ನುತ್ತಿದ್ದರು. ಒಬ್ಬರು "ಯಾವ ಊರಿನ ಮ್ಯಾಪು?" ಅಂತ ಕೇಳಿದಾಗ ಎಲ್ಲರೂ ನಕ್ಕರು. ನಾನು ಎದ್ದು ಅಡುಗೆಮನೆಗೆ ಹೋಗಿ, ತೊಳೆದಿಟ್ಟಿದ್ದ ಲೋಟಗಳನ್ನೇ ಇನ್ನೊಮ್ಮೆ ತೊಳೆದೆ.

ಈಗ ನಾನು ಮಾಡಿಕೊಂಡ ಕೆಲಸ ಹೇಳಬೇಕು. ಚಿಕ್ಕಂದಿನಲ್ಲಿ ಯಾರೋ ಹೇಳಿದ್ದ ನೆನಪು, ಸುಣ್ಣವನ್ನೂ ಬಟ್ಟೆ ಸೋಡವನ್ನೂ ಕಲೆಸಿ ಕಟ್ಟಿದರೆ ಹಚ್ಚೆ ಕಿತ್ತು ಬರುತ್ತದೆ ಅಂತ. ಒಂದು ಮಧ್ಯಾಹ್ನ ಊಟವಾದ ಮೇಲೆ, ಎಲೆ ಅಡಿಕೆಯ ಸುಣ್ಣದ ಡಬ್ಬಿಯನ್ನು ಖಾಲಿ ಮಾಡಿ, ಸೋಡ ಬೆರೆಸಿ, ಚೇಳಿನ ಬಾಲಕ್ಕೂ ಐದು ಚುಕ್ಕಿಗೂ ಮೆತ್ತಿ ಬಟ್ಟೆ ಸುತ್ತಿದೆ. ಪೂರ್ತಿ ಚೇಳು ಬೇಡ, ಪೆಟ್ಟಿಗೆಗೆ ಎರಡು ಬೆರಳಗಲ ಕ್ಲೀನಾದ ಜಾಗ ಸಿಕ್ಕರೆ ಸಾಕು ಅಂತ ನನ್ನ ಯೋಚನೆ. ಮೊದಲು ಕಚಗುಳಿ, ಆಮೇಲೆ ಉರಿ. ಉರಿಯುತ್ತಿದೆ ಅಂದರೆ ಹಚ್ಚೆ ಬಿಡುತ್ತಿದೆ ಅಂದುಕೊಂಡೆ. ಹಲ್ಲು ಕಚ್ಚಿಕೊಂಡು ಐವತ್ತು ಕಾಯಿ ಅಲ್ಲಾಡಿಸಿ ವಿಂಗಡಿಸಿದೆ. ಸಂಜೆ ಬಟ್ಟೆ ಬಿಚ್ಚಿದರೆ ಚರ್ಮ ಬಟ್ಟೆಯ ಜೊತೆಗೆ ಬಂತು.

ಆ ವಾರ ತುಮಕೂರಿನಿಂದ ಬಂದ ಮಗ ನೋಡಿ ಗಾಬರಿಯಾದ. "ಏನವ್ವ ಇದು?"

"ಬಿಸಿ ಎಣ್ಣೆ ಬಿತ್ತು ಕಣ್ಲಾ. ಬುಡು, ವಾಸಿಯಾಗ್ತದೆ."

ಅವನು ಡಾಕ್ಟರ ಹತ್ತಿರ ಕರೆದುಕೊಂಡು ಹೋದ. ಅವರಿಗೂ ಎಣ್ಣೆ ಅಂತಲೇ ಹೇಳಿದೆ. ದಿನ ಬಿಟ್ಟು ದಿನ ಬ್ಯಾಂಡೇಜು ಬದಲಾಯಿಸಬೇಕು ಅಂದರು. ಮಗ ಅಲ್ಲಿಂದಲೇ ಕುಣಿಗಲ್ಲಿಗೆ ಫೋನ್ ಮಾಡಿಬಿಟ್ಟ. ಮಾರನೇ ದಿನ ಬೀಗಿತ್ತಿ ಒಂದು ಬ್ಯಾಗು ಹಿಡಿದು ನಮ್ಮ ಜಗಲಿ ಹತ್ತಿದರು. ನೆಲ ಬಾಯಿ ಬಿಡಬಾರದೇ ಅನ್ನಿಸಿತು.

ಬ್ಯಾಂಡೇಜು ಬಿಚ್ಚಿ ಬಹಳ ಹೊತ್ತು ನೋಡಿದರು.

"ಎಣ್ಣೆನಾ ಬೀಗ್ರೆ?"

"ಊಂ."

"ಎಣ್ಣೆ ಸಿಡಿದ್ರೆ ಅಲ್ಲೊಂದು ಇಲ್ಲೊಂದು ಬೊಬ್ಬೆ ಏಳುತ್ತೆ. ಇದು ಅಳತೆ ಹಿಡಿದು ಸುಟ್ಟಂಗಿದೆ. ಬಾಲ ಮಾತ್ರ ಸುಟ್ಟಿದೆ, ಚೇಳು ಹಂಗೇ ಇದೆ."

ನಾನು ಸೆರಗನ್ನು ಕೈಮೇಲೆ ಎಳೆದುಕೊಳ್ಳಲು ಹೋದೆ.

"ಸುಣ್ಣನಾ?"

"ಸೋಡನೂ," ಅಂದೆ.

ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಹತ್ತಿಯಿಂದ ಸುತ್ತಲೂ ಒರೆಸುತ್ತಾ, "ಸುಣ್ಣಕ್ಕೆ ಹಚ್ಚೆ ಹೋಗಲ್ಲ. ಮೇಲಿನ ಚರ್ಮ ಹೋಗುತ್ತೆ ಅಷ್ಟೆ. ಹಚ್ಚೆ ಅದರ ಕೆಳಗಿನ ಪದರದಲ್ಲಿ ಕೂತಿರುತ್ತೆ. ಈ ವಯಸ್ಸಲ್ಲಿ ಇದೆಂಥ ಹುಡುಗಾಟ ನಿಮ್ದು? ಆ ಹುಡುಗಿಗೋಸ್ಕರ ತಾನೆ?" ಅಂದರು.

"ನಿಮ್ ಕೈ ಕ್ಲೀನಾಗೈತಂತೆ," ಅಂತ ನನ್ನ ಬಾಯಿಂದ ಬಂದೇಬಿಟ್ಟಿತು. ಅವರು ನನ್ನ ಮುಖ ನೋಡಿ, ಬಗ್ಗಿ ಗಂಟು ಕಟ್ಟಿದರು. ಎರಡನೇ ಸಲ ಅವರ ಕೈಯಲ್ಲಿ ನನ್ನ ಕೈ. ಈ ಸಲವೂ ನೋವಾಗಲಿಲ್ಲ. ಅದಕ್ಕೂ ನನಗೆ ಸಿಟ್ಟೇ ಬಂತು.

ಹತ್ತು ಹದಿನೈದು ದಿನ ನಮ್ಮಲ್ಲೇ ಇದ್ದರು. ಮಗನಿಗಾಗಲಿ ಸೊಸೆಗಾಗಲಿ ಸುಣ್ಣದ ಸುದ್ದಿ ಎತ್ತಲಿಲ್ಲ. ಮೊಮ್ಮಗಳಿಗೆ ಮಾತ್ರ ಹೇಳಿದ್ದಾರೆ. ಅದು ನನಗೆ ಗೊತ್ತಾಗಿದ್ದು ಅವಳು ಬಾಗಿಲಲ್ಲಿ ಚಪ್ಪಲಿ ಬಿಸಾಡಿ ಒಳಗೆ ಬಂದಾಗ.

"ಯಾಕಜ್ಜಿ ಹಿಂಗ್ ಮಾಡ್ಕೊಂಡೆ? ನಿಂಗೇನ್ ತಲೆ ಕೆಟ್ಟೈತಾ?"

"ನೀನು ಬೇಡ ಅಂದ್ಯಲ್ಲ."

"ಬೇಡ ಅಂದಿದ್ದು ಹಚ್ಚೆನ ಅಜ್ಜಿ, ನಿನ್ನಲ್ಲ."

"ಹಚ್ಚೆ ನನ್ನದಲ್ವೇನೇ?"

ಅವಳು ನನ್ನ ತೊಡೆಯ ಮೇಲೆ ತಲೆ ಇಟ್ಟು ಅತ್ತಳು. ಇಷ್ಟೆತ್ತರದ ಹುಡುಗಿ. ಅಳಿಸಿಬಿಟ್ಟೆನಲ್ಲ ಅಂತ ಅವಳ ತಲೆ ಸವರಿದೆ. ಆದರೆ ಸುಳ್ಳು ಹೇಳಬಾರದು, ಪಕ್ಕದ ಕೋಣೆಯಲ್ಲಿ ಬೀಗಿತ್ತಿ ಇದ್ದರು, ಮಗು ಅಳುತ್ತಿದ್ದದ್ದು ನನ್ನ ತೊಡೆಯ ಮೇಲೆ ಅನ್ನುವ ಸಮಾಧಾನವೂ ಆಯಿತು.

ಗಾಯ ಆರಲು ಎರಡು ತಿಂಗಳು ಹಿಡಿಯಿತು. ಅಲ್ಲಿ ಬಿಳಿಚಿದ ದಪ್ಪ ಚರ್ಮ ಬಂದು, ಬಾಲವೂ ಚುಕ್ಕಿಯೂ ಕಣ್ಣಿಗೆ ಕಾಣದ ಹಾಗೆ ಮುಚ್ಚಿಹೋದವು. ಬಾಲವಿಲ್ಲದ ಚೇಳನ್ನು ನೋಡಿದಾಗೆಲ್ಲ ನಮ್ಮವ್ವ ತುರುಕಿದ್ದ ಬೆಲ್ಲದ ಉಂಡೆ ನೆನಪಾಗಿ ಬಾಯಿ ಒಣಗುತ್ತಿತ್ತು. ಅಷ್ಟರಲ್ಲಿ ಒಂದು ಸಂಜೆ ಬೀಗಿತ್ತಿ ಫೋನಿನಲ್ಲಿ ಮೊಮ್ಮಗಳಿಗೆ ಹೇಳಿದರಂತೆ: "ನಿಮ್ ಗುಬ್ಬಿ ಅಜ್ಜಿ ಕೈಯನ್ನ ಇನ್ನೊಂದ್ಸಲ ಇಟ್ಟು ನೋಡು. ಹಚ್ಚೆ ಚರ್ಮದ ಕೆಳಗೆ ಹಂಗೇ ಇದೆ ಅಂತ ನಾನು ಹೇಳ್ತೀನಿ. ನಿನ್ನ ಡಬ್ಬಿ ಏನ್ ಹೇಳುತ್ತೆ ನೋಡೋಣ."

ಗಾಯ ಪೂರ್ತಿ ಆರಿದೆ ಅಂತ ಡಾಕ್ಟರು ಹೇಳಿದ ಮೇಲೆ ಮೇಡಮ್ಮು ಒಪ್ಪಿದರು. ಮತ್ತೆ ಕನ್ನಡಕ, ಮತ್ತೆ ಲೋಳೆ, ಮತ್ತೆ ಕಲ್ಲಿನ ಹಾಗೆ ಕೂತೆ. ಈ ಸಲ ಎಣ್ಣೆ ಹಚ್ಚಿರಲಿಲ್ಲ. ಮೊಮ್ಮಗಳು ತಿರುಪು ತಿರುಗಿಸಿದಳು. ಕಂಪ್ಯೂಟರಿನಲ್ಲಿ ಒಂದೊಂದೇ ಸಾಲು ಕೂಡಿಕೊಂಡು, ಬಾಲದ ಸುರುಳಿ ಎದ್ದು ಬಂತು. ಆಮೇಲೆ ಒಂದು ಚುಕ್ಕಿ. ಎರಡು. ಮೂರು. ಅವಳು ಬಾಯಿಬಿಟ್ಟು ಎಣಿಸುತ್ತಿದ್ದಳು, ಅಟ್ಟದ ಕೆಳಗೆ ಕೂತು ಕಾಯಿ ಎಣಿಸುತ್ತಿದ್ದ ಹಾಗೆ. ಐದನೆಯದು ಬಂದಾಗ ಮೇಡಮ್ಮು ಕುರ್ಚಿಯಿಂದ ಎದ್ದು ನಿಂತರು. ನನ್ನ ಕೈಯನ್ನೊಮ್ಮೆ, ಪರದೆಯನ್ನೊಮ್ಮೆ ನೋಡಿದರು. ಕೈಯ ಮೇಲೆ ಏನೂ ಇಲ್ಲ.

"ಹಳೇ ಚಿತ್ರ ತೆಗಿ," ಅಂದರು.

ಮೊದಲನೇ ದಿನದ ಚೇಳಿನ ಚಿತ್ರವನ್ನು ಕಂಪ್ಯೂಟರಿನಲ್ಲಿ ಹಾಗೇ ಇಟ್ಟಿದ್ದರು. ಎರಡನ್ನೂ ಪಕ್ಕಪಕ್ಕ ಇಟ್ಟರು. ಬಾಲಕ್ಕೆ ಬಾಲ, ಚುಕ್ಕಿಗೆ ಚುಕ್ಕಿ ಕೂತವು. ಎರಡನೆಯದರಲ್ಲಿ ಸದ್ದು ಸ್ವಲ್ಪ ತಡವಾಗಿ ಬಂದಿತ್ತಂತೆ, ಮೇಲೆ ದಪ್ಪ ಚರ್ಮ ಬೆಳೆದಿದೆಯಲ್ಲ, ಅಷ್ಟೇ ತಡವಾಗಿ. ಅವರು ಅದನ್ನೇ ಮತ್ತೆ ಮತ್ತೆ ಹೇಳಿಕೊಂಡು ಸಂಭ್ರಮಪಟ್ಟರು. ನನಗೆ ಅರ್ಥವಾಗಿದ್ದು ಇಷ್ಟು: ನಾನು ಸುಟ್ಟರೂ ಅದು ಹೋಗಿರಲಿಲ್ಲ.

ಕಾಲೇಜಿನಲ್ಲಿ ಮಕ್ಕಳು ಮಾಡಿದ್ದನ್ನೆಲ್ಲ ಇಟ್ಟು ತೋರಿಸುವ ದಿನ ನಾವಿಬ್ಬರು ಅಜ್ಜಿಯರೂ ಹೋದೆವು. ಹಿಂದಿನ ಬೆಂಚಿನಲ್ಲಿ ಪಕ್ಕಪಕ್ಕ ಕೂರಿಸಿದ್ದರು. ಮಾರ್ಕ್ಸು ಕೊಡಲು ಹೊರಗಿನ ಊರಿನಿಂದ ಬಂದ ಪ್ರೊಫೆಸರರೊಬ್ಬರು ಬೀಗಿತ್ತಿಯ ನರದ ಚಿತ್ರವನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಮೂಗು ಮುರಿದರು.

"ಇದು ಚರ್ಮದ ಕೆಳಗಿನದ್ದು ಅಂತ ಹೇಗೆ ನಂಬೋದು? ಚರ್ಮದ ಮೇಲಿನ ಬಣ್ಣದ ಗುರುತೇ ಇರಬಹುದಲ್ಲ? ಇಷ್ಟು ಸಣ್ಣ ಲೇಸರ್ ಇಟ್ಕೊಂಡು ಒಳಗಿಂದು ಕೇಳ್ಸುತ್ತೆ ಅಂದ್ರೆ ಯಾರು ಒಪ್ತಾರೆ?"

ಬೀಗಿತ್ತಿಯ ಕೈ ನನ್ನ ಮೊಣಕೈಯನ್ನು ಹಿಡಿದುಕೊಂಡಿತು. ನಾಲ್ಕು ವರ್ಷ ಓದಿದ್ದು ಈ ಒಬ್ಬ ಮನುಷ್ಯನ ಮೂಗಿನ ತುದಿಯಲ್ಲಿ ನಿಂತಿದೆ ಅನ್ನಿಸಿತು. ಮೊಮ್ಮಗಳು ಹೆದರಲಿಲ್ಲ. ಎರಡು ಚೇಳಿನ ಚಿತ್ರಗಳನ್ನು ಎತ್ತಿ ಮುಂದಿಟ್ಟಳು. ಆಮೇಲೆ ನನ್ನ ಕಡೆ ನೋಡಿ, "ಅಜ್ಜಿ, ಬಾ," ಅಂದಳು.

ಆ ಹತ್ತು ಹೆಜ್ಜೆ ನಾನು ಹೇಗೆ ನಡೆದೆನೋ. ಸೆರಗು ಸರಿಸಿ ಕೈ ಚಾಚಿದೆ. ಪ್ರೊಫೆಸರರು ಕನ್ನಡಕ ಮೇಲೆತ್ತಿ, ಬಿಳಿಚಿದ ಚರ್ಮವನ್ನು ಬೆರಳಲ್ಲಿ ಮುಟ್ಟಿ ನೋಡಿದರು, ಬೆಳಕಿಗೆ ತಿರುಗಿಸಿ ನೋಡಿದರು. ಚಿತ್ರದಲ್ಲಿ ಚುಕ್ಕಿ ಎಣಿಸಿದರು.

"ಇಲ್ಲಿ ಐದು ಚುಕ್ಕಿ ಇತ್ತೇನಮ್ಮ?"

"ಇದ್ವು ಸ್ವಾಮಿ. ಈಗ್ಲೂ ಅವೆ. ನಮ್ ಹುಡುಗಿ ತೋರ್ಸವ್ಳಲ್ಲ."

ಅವರು ನಕ್ಕುಬಿಟ್ಟರು. "ಆಯ್ತಮ್ಮ, ಒಪ್ಪಿದೆ," ಅಂದು ಕಾಗದದ ಮೇಲೆ ಏನೋ ಬರೆದರು. ಹೊರಡುವಾಗ ಮೊಮ್ಮಗಳಿಗೆ, "ಆಸ್ಪತ್ರೆಯವರಿಗೆ ತೋರಿಸು. ಇಲ್ಲಿಗೇ ಬಿಡಬೇಡ," ಅಂತ ಹೇಳಿದ್ದು ನನಗೆ ಕೇಳಿಸಿತು. ಅವಳು ಬಿಡಲಿಲ್ಲ. ಮುಂದೆ ಓದಿದಳು, ಪೆಟ್ಟಿಗೆ ಈಗ ಇನ್ನೂ ಚಿಕ್ಕದಾಗಿದೆ, ತಿರುಪನ್ನು ಕೈಯಲ್ಲಿ ತಿರುಗಿಸಬೇಕಿಲ್ಲ. ಆಸ್ಪತ್ರೆಯ ಮೇಜಿಗೆ ಇನ್ನೂ ಬಂದಿಲ್ಲ. ಬರುತ್ತದೆ.

ಆ ವರ್ಷದ ಅವಳ ಪ್ರಾಜೆಕ್ಟ್ ಪುಸ್ತಕದ ಒಂದೊಂದು ಪ್ರತಿಯನ್ನು ಇಬ್ಬರು ಅಜ್ಜಿಯರಿಗೂ ಕೊಟ್ಟಳು. ಇಂಗ್ಲಿಷಿನಲ್ಲಿದೆ, ನನಗೆ ಓದಲು ಬರುವುದಿಲ್ಲ. ಆದರೆ ಚಿತ್ರಗಳಲ್ಲಿ ಮೊದಲನೆಯದು ನನ್ನ ಚೇಳು, ಎರಡನೆಯದು ಬಾಲ, ಮೂರನೆಯದು ಬೀಗಿತ್ತಿಯ ನರ. ಅವರದ್ದು ಪುಟದ ತುಂಬಾ ಇದೆ, ನನ್ನದು ಅರ್ಧ ಪುಟ. ಅದನ್ನು ನಾನು ಸ್ಕೇಲಿಟ್ಟು ಅಳೆದಿದ್ದೇನೆ. ಆದರೂ ಮೊದಲನೆಯದು ನನ್ನದು.

ಪುಸ್ತಕ ಬಂದ ವಾರ ಬೀಗಿತ್ತಿ ಗುಬ್ಬಿಗೆ ಬಂದಿದ್ದರು. ಜಗಲಿಯ ಮೇಲೆ ಕೂತು ಕಾಫಿ ಕುಡಿಯುತ್ತಾ ಪುಟ ತಿರುವಿದರು, ತಮ್ಮ ನರದ ಹತ್ತಿರ ಸ್ವಲ್ಪ ನಿಂತು, ಮತ್ತೆ ಹಿಂದಕ್ಕೆ ಹೋಗಿ ಚೇಳಿನ ಪುಟವನ್ನು ತುಂಬಾ ಹೊತ್ತು ನೋಡಿದರು. ಆಮೇಲೆ ಪುಸ್ತಕ ಮುಚ್ಚಿ, ತಮ್ಮ ನುಣುಪಾದ ಬರಿಗೈಯನ್ನು ಸವರಿಕೊಳ್ಳುತ್ತಾ, ಬೀದಿಯ ಕಡೆ ನೋಡಿಕೊಂಡು ಕೇಳಿದರು.

"ಅಲ್ಲ ಬೀಗ್ರೆ, ಹಚ್ಚೆ ಹಾಕೋರು ಈಗ್ಲೂ ಬರ್ತಾರಾ ಈ ಕಡೆ?"

ಅಷ್ಟು ವರ್ಷ ಕಾದಿದ್ದ ಮಾತು ಅದು. ಒಳಗೆ ಹೋಗಿ ಅವರ ಲೋಟಕ್ಕೆ ಇನ್ನಷ್ಟು ಕಾಫಿ ಬಗ್ಗಿಸಿಕೊಂಡು ಬಂದು, ಸೆರಗನ್ನು ಭುಜದ ಮೇಲಕ್ಕೆ ಎಸೆದು, ಚೇಳಿನ ಕೈಯಲ್ಲೇ ಚಾಚಿ ಕೊಟ್ಟೆ.

"ಇಲ್ಲ ಬುಡಿ," ಅಂದೆ. "ಈಗ ಯಾರೂ ಬರಲ್ಲ."